ಸೀಸದ ಸೈನಿಕರ ದಳಪತಿ

ಯುದ್ಧವನ್ನು ಆಟವಾಗಿ ಆಡುವುದು ಮನುಷ್ಯನಿಗೆ ಹೊಸದೇನೂ ಅಲ್ಲ. ರಥ, ಗಜ, ತುರಗ, ಪದಾತಿ ಎಂಬ ನಾಲ್ಕು ಅಂಗಗಳ ಸೇನೆಯನ್ನು ಮಣೆಯ ಮೇಲೆ ಹೂಡಿ, ಒಂದು ಹನಿ ರಕ್ತವನ್ನೂ ಚೆಲ್ಲದೆ ಎದುರಾಳಿಯ ಅರಸನನ್ನು ಕಟ್ಟಿಹಾಕುವ ಚದುರಂಗವು ನಮ್ಮ ದೇಶದಲ್ಲಿ ಹುಟ್ಟಿ, ಪಾರಸಿಕರ ಮತ್ತು ಅರಬರ ಕೈದಾಟಿ ಯೂರೋಪನ್ನು ಸೇರಿತು. ಅಲ್ಲಿ ಕಾಲಕ್ರಮದಲ್ಲಿ ಅದಕ್ಕೆ ಹೊಸ ರೂಪಗಳು ಬಂದವು. 1824ರಲ್ಲಿ ಪ್ರಷ್ಯ ದೇಶದ ಸೇನಾಧಿಕಾರಿಯಾದ ರೈಸ್‌ವಿಟ್ಸ್ ಎಂಬಾತನು ಚೌಕಗಳ ಮಣೆಯನ್ನು ಬಿಟ್ಟು, ಭೂಪಟದ ಮೇಲೆ ದಾಳ ಉರುಳಿಸಿ ಆಡುವ ಕದನದಾಟವೊಂದನ್ನು ಸಿದ್ಧಗೊಳಿಸಿದನು. ಪ್ರಷ್ಯದ ಸೇನೆ ಅದನ್ನು ತನ್ನ ಅಧಿಕಾರಿಗಳ ಶಿಕ್ಷಣಕ್ಕೆ ಬಳಸಿಕೊಂಡಿತು. ಹೀಗೆ ಸೇನಾಧಿಕಾರಿಗಳ ಕೊಠಡಿಗಳಲ್ಲಿ ಬೆಳೆದ ಆಟವನ್ನು ಸಾಮಾನ್ಯ ಗೃಹಸ್ಥನ ಮನೆಯ ನೆಲಕ್ಕೆ ಇಳಿಸಿ, ಪುಟ್ಟ ಬೊಂಬೆ ಸೈನಿಕರಿಂದ ಆಡುವಂತೆ ಮಾಡಿ, ಅದಕ್ಕೊಂದು ನಿಯಮಗ್ರಂಥವನ್ನು ಬರೆದುಕೊಟ್ಟವರು ಸೇನಾನಿಯಲ್ಲ, ಒಬ್ಬ ಸಾಹಿತಿ. ಅವರೇ ಹರ್ಬರ್ಟ್ ಜಾರ್ಜ್ ವೆಲ್ಸ್. ಕಾಲಯಂತ್ರದ ಕಥೆಯನ್ನೂ ಅದೃಶ್ಯ ಮನುಷ್ಯನ ಕಥೆಯನ್ನೂ ಬರೆದು ಜಗತ್ತನ್ನೇ ಬೆರಗುಗೊಳಿಸಿದ ವೆಲ್ಸರನ್ನು ಅನೇಕರು ಬಲ್ಲರು. ಮೊಣಕಾಲೂರಿ ನೆಲದ ಮೇಲೆ ಸೀಸದ ಸೈನಿಕರನ್ನು ನಡೆಸುತ್ತಿದ್ದ ವೆಲ್ಸರನ್ನು ಬಲ್ಲವರು ಕಡಿಮೆ.

ವೆಲ್ಸ್ ಹುಟ್ಟಿದ್ದು 1866ರ ಸೆಪ್ಟೆಂಬರ್ 21ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತದ ಬ್ರಾಮ್ಲಿ ಎಂಬ ಊರಿನಲ್ಲಿ. ತಂದೆ ಜೋಸೆಫ್ ಪಿಂಗಾಣಿ ಸಾಮಾನುಗಳ ಸಣ್ಣ ಅಂಗಡಿಯೊಂದನ್ನು ಇಟ್ಟುಕೊಂಡಿದ್ದನು. ಅಂಗಡಿಯ ವ್ಯಾಪಾರಕ್ಕಿಂತ ಕ್ರಿಕೆಟ್ಟಿನಲ್ಲಿ ಅವನಿಗೆ ಹೆಚ್ಚು ಹೆಸರಿತ್ತು. 1862ರಲ್ಲಿ ಸಸೆಕ್ಸ್ ತಂಡದ ವಿರುದ್ಧ ಆಡುವಾಗ ಸತತವಾಗಿ ನಾಲ್ಕು ಎಸೆತಗಳಲ್ಲಿ ನಾಲ್ಕು ವಿಕೆಟ್ಟುಗಳನ್ನು ಉರುಳಿಸಿದ ಚೆಂಡೆಸೆತಗಾರ ಅವನು. ತಾಯಿ ಸಾರಾ ಮದುವೆಗೆ ಮೊದಲು ಶ್ರೀಮಂತರ ಮನೆಯೊಂದರಲ್ಲಿ ಸೇವಕಿಯಾಗಿದ್ದವಳು. ಅಂಗಡಿಯಿಂದ ಬರುವ ಆದಾಯ ಸಂಸಾರಕ್ಕೆ ಸಾಲುತ್ತಿರಲಿಲ್ಲ. ಬಡತನ ಆ ಮನೆಯಲ್ಲಿ ಬೇರುಬಿಟ್ಟಿತ್ತು.

1874ರಲ್ಲಿ, ಏಳು ವರ್ಷದ ಹುಡುಗನಾಗಿದ್ದಾಗ, ಹರ್ಬರ್ಟನ ಕಾಲಿನ ಮೂಳೆ ಮುರಿಯಿತು. ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿರಬೇಕಾಯಿತು. ಬೇಸರ ಕಳೆಯಲೆಂದು ತಂದೆ ಪುಸ್ತಕಾಲಯದಿಂದ ಪುಸ್ತಕಗಳನ್ನು ತಂದುಕೊಟ್ಟನು. ದೂರ ದೇಶಗಳ ವರ್ಣನೆ, ಪ್ರಾಣಿಗಳ ಚಿತ್ರ, ಯುದ್ಧಗಳ ವೃತ್ತಾಂತ, ಎಲ್ಲವನ್ನೂ ಹುಡುಗನು ಹಸಿದವನಂತೆ ಓದಿದನು. ಕಾಲು ಕೂಡಿಕೊಂಡಿತು, ಓದಿನ ಹಸಿವು ಮಾತ್ರ ಎಂದಿಗೂ ತಣಿಯಲಿಲ್ಲ. ಮುಂದೆ ಹದಿಮೂರರ ಪ್ರಾಯದಲ್ಲಿ ಅವನು ಬ್ರಾಮ್ಲಿಯ ಸುತ್ತಲಿನ ಹೊಲಗಳಲ್ಲಿ ಒಬ್ಬನೇ ತಿರುಗಾಡುವಾಗ ತಾನೊಬ್ಬ ಮಹಾ ದಂಡನಾಯಕನೆಂದು ಭಾವಿಸಿಕೊಳ್ಳುತ್ತಿದ್ದನು. ಊರ ಬಳಿಯ ದಿಣ್ಣೆಗಳು ಅವನ ಕಣ್ಣಿಗೆ ಕೋಟೆಗಳಾಗುತ್ತಿದ್ದವು. ಬೇಲಿಗಳ ಮರೆಯಲ್ಲಿ ಶತ್ರುಗಳು ಹೊಂಚುತ್ತಿದ್ದರು. ದಾರಿಹೋಕರ ಪಾಲಿಗೆ ಅವನು ಬಡವರ ಮನೆಯ ಸಣಕಲು ಹುಡುಗ. ತನ್ನ ಮನಸ್ಸಿನಲ್ಲಿ ರಾಜ್ಯಗಳನ್ನು ಗೆದ್ದ ವೀರ. ಈ ಹಗಲುಗನಸುಗಳ ಮಾತನ್ನು ನಾವು ನೆನಪಿನಲ್ಲಿಡಬೇಕು. ವೆಲ್ಸರು ಮುಂದೊಂದು ದಿನ ಇವುಗಳ ಕಡೆಗೆ ತಿರುಗಿ ನೋಡುವವರಿದ್ದಾರೆ.

1877ರಲ್ಲಿ ತಂದೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡನು. ಕ್ರಿಕೆಟ್ಟಿನಿಂದ ಬರುತ್ತಿದ್ದ ಅಲ್ಪಸ್ವಲ್ಪ ಹಣವೂ ನಿಂತಿತು. 1880ರಲ್ಲಿ ತಾಯಿ ತಾನು ಹಿಂದೆ ಕೆಲಸಮಾಡಿದ್ದ ಅಪ್‌ಪಾರ್ಕ್ ಎಂಬ ದೊಡ್ಡ ಮನೆಗೆ ಮೇಲ್ವಿಚಾರಕಿಯಾಗಿ ಹೋದಳು. ಹರ್ಬರ್ಟನು ಜವಳಿ ಅಂಗಡಿಯ ಕೆಲಸ ಕಲಿಯಬೇಕೆಂದು ತೀರ್ಮಾನವಾಯಿತು. ಮೊದಲು ವಿಂಡ್ಸರಿನಲ್ಲಿ, ಅನಂತರ ಸೌತ್‌ಸೀ ಎಂಬಲ್ಲಿ ಅವನು ಉಮೇದುವಾರನಾದನು. ದಿನಕ್ಕೆ ಹದಿಮೂರು ಗಂಟೆಗಳ ದುಡಿಮೆ. ರಾತ್ರಿ ಇತರ ಹುಡುಗರೊಡನೆ ಒಂದೇ ಕೋಣೆಯಲ್ಲಿ ನಿದ್ರೆ. ಬಟ್ಟೆ ಸುತ್ತುವುದರಲ್ಲಿಯೇ ತನ್ನ ಬಾಳು ಸವೆದುಹೋಗುವುದೆಂಬ ಭೀತಿ ಅವನನ್ನು ಕಾಡಿತು. ಕೊನೆಗೆ ಒಂದು ಭಾನುವಾರ ಮುಂಜಾನೆ ಹೊರಟು, 17 ಮೈಲಿ ನಡೆದು, ತಾಯಿಯ ಮುಂದೆ ನಿಂತು ತನ್ನನ್ನು ಬಿಡಿಸಬೇಕೆಂದು ಬೇಡಿಕೊಂಡನು. ಎರಡು ವರ್ಷಗಳ ಆ ಸೆರೆ 1883ರಲ್ಲಿ ಮುಗಿಯಿತು. ಮಿಡ್‌ಹರ್ಸ್ಟ್ ಎಂಬ ಊರಿನ ಶಾಲೆಯಲ್ಲಿ ಕಲಿಯುತ್ತಲೇ ಕಲಿಸುವ ಕೆಲಸ ದೊರೆಯಿತು. ಮರುವರ್ಷವೇ ವಿದ್ಯಾರ್ಥಿವೇತನ ಗಳಿಸಿ ಅವನು ಲಂಡನ್ನಿನ ವಿಜ್ಞಾನ ಶಾಲೆಯನ್ನು ಸೇರಿ, ಪ್ರಸಿದ್ಧ ವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿಯವರ ಬಳಿ ಜೀವಶಾಸ್ತ್ರವನ್ನು ಕಲಿತನು.

ಮುಂದಿನ ಹಾದಿಯೂ ಹೂವಿನದಾಗಿರಲಿಲ್ಲ. 1887ರಲ್ಲಿ ಪದವಿಯಿಲ್ಲದೆ ಆ ಶಾಲೆಯನ್ನು ಬಿಡಬೇಕಾಯಿತು. ವೇಲ್ಸ್ ಸೀಮೆಯ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದಾಗ ಕಾಲ್ಚೆಂಡಾಟದಲ್ಲಿ ಪೆಟ್ಟು ತಗುಲಿ ಮೂತ್ರಪಿಂಡಕ್ಕೆ ಘಾಸಿಯಾಯಿತು. ಆದರೂ ಎದೆಗುಂದದೆ ಓದಿ 1890ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ವಿಜ್ಞಾನ ಪದವಿಯನ್ನು ಪಡೆದರು. 1895ರಲ್ಲಿ ಕಾಲಯಂತ್ರದ ಕಥೆ ಪ್ರಕಟವಾಯಿತು. 1897ರಲ್ಲಿ ಅದೃಶ್ಯ ಮನುಷ್ಯನ ಕಥೆಯೂ 1898ರಲ್ಲಿ ಮಂಗಳಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬಂದ ಕಥೆಯೂ ಹೊರಬಂದವು. ಜವಳಿ ಅಂಗಡಿಯ ಹುಡುಗನ ಹೆಸರು ದೇಶವಿದೇಶಗಳಲ್ಲಿ ಮಾತಾಯಿತು.

ಕೀರ್ತಿಯೊಡನೆ ನೆಮ್ಮದಿಯೂ ಬಂದಿತು. ವೆಲ್ಸರು ಕೆಂಟ್ ಪ್ರಾಂತದ ಕಡಲ ತೀರದಲ್ಲಿರುವ ಸ್ಯಾಂಡ್‌ಗೇಟಿನಲ್ಲಿ ಮನೆ ಕಟ್ಟಿಸಿದರು. 1901ರಲ್ಲಿ ಹಿರಿಯ ಮಗ ಜಾರ್ಜ್ ಫಿಲಿಪ್, 1903ರಲ್ಲಿ ಕಿರಿಯ ಮಗ ಫ್ರಾಂಕ್ ಹುಟ್ಟಿದರು. ಮಕ್ಕಳು ಬೆಳೆದಂತೆ ತಂದೆಯೂ ಅವರೊಡನೆ ನೆಲಕ್ಕಿಳಿದರು. ಮರದ ಇಟ್ಟಿಗೆಗಳು, ಹಲಗೆಗಳು, ಆಟದ ರೈಲುಗಳು, ಸೀಸದ ಬೊಂಬೆಗಳು, ಇವುಗಳಿಂದ ಅವರು ಮಕ್ಕಳೊಡನೆ ದ್ವೀಪಗಳನ್ನೂ ನಗರಗಳನ್ನೂ ಕಟ್ಟಿದರು. ಈ ಅನುಭವವನ್ನೇ 1911ರಲ್ಲಿ ‘ಫ್ಲೋರ್ ಗೇಮ್ಸ್’ ಎಂಬ ಪುಸ್ತಕವಾಗಿ ಬರೆದರು. ಆ ಪುಸ್ತಕದಲ್ಲಿ ಅವರದೊಂದು ದೂರು ಇದೆ. ಅಂಗಡಿಗಳಲ್ಲಿ ಸಿಗುವ ಬೊಂಬೆಗಳೆಲ್ಲವೂ ಸೈನಿಕರದೇ ಆಗಿವೆ. ರೊಟ್ಟಿ ಮಾರುವವನು, ಕಟುಕ, ವರ್ತಕ, ನ್ಯಾಯಾಧೀಶ, ವಕೀಲ ಮೊದಲಾದವರ ಬೊಂಬೆಗಳು ಬೇಕೆಂದರೆ ದೊರೆಯುವುದಿಲ್ಲ. ಸಮವಸ್ತ್ರದ ವೈಭವವನ್ನು ಎಷ್ಟು ಹೊತ್ತೆಂದು ನೋಡುವುದು ಎಂಬುದು ಅವರ ಅಳಲು. ಯುದ್ಧದಾಟದ ಜನಕನೆನಿಸಿದವರು ಮೊದಲು ಬಯಸಿದ್ದು ಊರು ಕಟ್ಟುವ ಸಾಮಾನ್ಯ ಜನರನ್ನು ಎಂಬುದು ಗಮನಿಸತಕ್ಕ ಸಂಗತಿ.

ಆ ಕಾಲದಲ್ಲಿ ಇಂಗ್ಲೆಂಡಿನ ಮಕ್ಕಳ ಕೈಯಲ್ಲಿ ಸೀಸದ ಸೈನಿಕರು ಹೇರಳವಾಗಿದ್ದುದಕ್ಕೆ ಕಾರಣವಿತ್ತು. ಮೊದಲು ಇಂಥ ಬೊಂಬೆಗಳು ಜರ್ಮನಿಯಿಂದ ಬರುತ್ತಿದ್ದವು. ಒಳಗೂ ಸೀಸ ತುಂಬಿದ್ದುದರಿಂದ ಭಾರವಾಗಿಯೂ ದುಬಾರಿಯಾಗಿಯೂ ಇದ್ದವು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಎಂಬುವರ ಸಂಸ್ಥೆ ಹೊಸ ವಿಧಾನವೊಂದನ್ನು ಬಳಕೆಗೆ ತಂದಿತು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಸುರಿದು, ಅಚ್ಚಿನ ಗೋಡೆಗೆ ತಾಗಿದ ಪದರವಷ್ಟೇ ಗಟ್ಟಿಯಾಗುವಷ್ಟರಲ್ಲಿ ಉಳಿದ ಲೋಹವನ್ನು ಹೊರಚೆಲ್ಲುವುದೇ ಆ ವಿಧಾನ. ಹೊರಗೆ ಸೈನಿಕನ ರೂಪ, ಒಳಗೆ ಪೊಳ್ಳು. ಲೋಹ ಉಳಿಯಿತು, ಬೆಲೆ ಇಳಿಯಿತು. ಎರಡು ಅಂಗುಲಕ್ಕಿಂತ ಸ್ವಲ್ಪ ಎತ್ತರವಿದ್ದ ಒಂದೊಂದು ಬೊಂಬೆಗೂ ಕೈಯಿಂದಲೇ ಬಣ್ಣ ಹಚ್ಚುತ್ತಿದ್ದರು. ಕೆಂಪು ಅಂಗಿ, ಕಪ್ಪು ಟೋಪಿ, ಬಿಳಿಯ ಪಟ್ಟಿಗಳಿಂದ ಮೆರೆಯುವ ದಂಡು ಪೆಟ್ಟಿಗೆಯಿಂದ ಹೊರಬಂದರೆ ಮಕ್ಕಳ ಕಣ್ಣಿಗೆ ಹಬ್ಬವಾಗುತ್ತಿತ್ತು.

ಸೈನಿಕರ ಜೊತೆಗೆ ಒಂದು ಪುಟ್ಟ ಫಿರಂಗಿಯೂ ಬಂದಿತ್ತು. ಒಳಗಿನ ಸುರುಳಿ ತಂತಿಯ ಬಲದಿಂದ ಅದು ಒಂದಂಗುಲ ಉದ್ದದ ಮರದ ಗುಂಡನ್ನು ಚಿಮ್ಮಿಸುತ್ತಿತ್ತು. ಒಂಬತ್ತು ಗಜ ದೂರದ ಬೊಂಬೆಯನ್ನೂ ಉರುಳಿಸಬಲ್ಲುದಾಗಿತ್ತು. ಸ್ಯಾಂಡ್‌ಗೇಟಿನ ಮನೆಯಲ್ಲಿ ಒಂದು ದಿನ ಮಧ್ಯಾಹ್ನದ ಊಟವಾದ ಮೇಲೆ ವೆಲ್ಸರ ಸ್ನೇಹಿತರೊಬ್ಬರು ಆ ಫಿರಂಗಿಯನ್ನು ಕೈಗೆತ್ತಿಕೊಂಡು, ಗುರಿಯಿಟ್ಟು, ಮೇಜಿನ ಮೇಲಿದ್ದ ಸೈನಿಕನೊಬ್ಬನನ್ನು ಉರುಳಿಸಿದರು. ವೆಲ್ಸರು ಅವರನ್ನು ಮೊದಲಕ್ಷರಗಳಿಂದಷ್ಟೇ ಹೆಸರಿಸಿದ್ದಾರೆ. ಹಾಸ್ಯಲೇಖಕ ಜೆರೋಮ್ ಕೆ. ಜೆರೋಮ್ ಅವರೇ ಆ ಸ್ನೇಹಿತರೆಂದು ತಿಳಿಯಲಾಗಿದೆ. ಉರುಳಿಸಿದವರು ಸುಮ್ಮನಿರಲಿಲ್ಲ, ಸಾಧ್ಯವಾದರೆ ನೀವೂ ಉರುಳಿಸಿ ಎಂದು ಸವಾಲು ಹಾಕಿದರು. ದೊಡ್ಡವರಿಬ್ಬರು ಮಕ್ಕಳಂತೆ ಗುಂಡು ಹಾರಿಸತೊಡಗಿದರು. ಬರಿಯ ಗುರಿಯಾಟವಾಗಿದ್ದುದು ಕ್ರಮಕ್ರಮವಾಗಿ ಸಮರದಾಟವಾಗಿ ಬೆಳೆಯಿತು.

ಮೊದಮೊದಲು ವಿಶ್ವಕೋಶದ ದಪ್ಪ ಸಂಪುಟಗಳೇ ಬೆಟ್ಟಗಳಾದವು. ಅನಂತರ ಮರದ ಇಟ್ಟಿಗೆಗಳಿಂದ ಮನೆಗಳೂ, ಹಲಗೆಯ ತೂತುಗಳಲ್ಲಿ ನೆಟ್ಟ ಕಡ್ಡಿಗಳಿಂದ ಕಾಡುಗಳೂ, ಸೀಮೆಸುಣ್ಣದ ಗೆರೆಗಳಿಂದ ನದಿಗಳೂ ಮೂಡಿದವು. ಆಟಕ್ಕೆ ಮೊದಲು ನಡುವೆ ಪರದೆ ಇಳಿಬಿಟ್ಟು, ಇಬ್ಬರೂ ತಮ್ಮ ತಮ್ಮ ದಂಡನ್ನು ಗುಟ್ಟಾಗಿ ಹೂಡುತ್ತಿದ್ದರು. ಪದಾತಿಯು ಒಂದು ಸರದಿಗೆ ಒಂದು ಅಡಿ, ರಾವುತನು ಎರಡು ಅಡಿ ಮುಂದೆ ಸಾಗಬಹುದು; ಅಳತೆಗೆ ದಾರವಿತ್ತು. ಆರು ಅಂಗುಲದೊಳಗೆ ತನ್ನ ಕಡೆಯ ನಾಲ್ವರು ಸೈನಿಕರಿದ್ದರೆ ಮಾತ್ರ ಫಿರಂಗಿ ಕೆಲಸಮಾಡಬಹುದು. ಆಗ ಅದು ಒಂದು ಸರದಿಗೆ ನಾಲ್ಕು ಗುಂಡುಗಳನ್ನು ಹಾರಿಸಬಹುದು. ಚಲಿಸಿದ ಫಿರಂಗಿ ಅದೇ ಸರದಿಯಲ್ಲಿ ಗುಂಡು ಹಾರಿಸುವಂತಿಲ್ಲ. ಎರಡು ಪಡೆಗಳು ಕೈಕೈ ಮಿಲಾಯಿಸಿದರೆ ಎರಡೂ ಕಡೆ ಸಮಸಂಖ್ಯೆಯ ಸೈನಿಕರು ಬೀಳುವರು. ಆದರೆ ತನ್ನ ಕಡೆಯ ನೆರವಿನಿಂದ ದೂರವಾಗಿ ಒಂಟಿಯಾದ ಸಣ್ಣ ತುಕಡಿ ಸೆರೆಯಾಗಬಹುದು. ಆಲೋಚಿಸುತ್ತ ಕಾಲ ಕಳೆಯುವವರನ್ನು ಎಚ್ಚರಿಸಲು ಗಡಿಯಾರವೂ ಬಂದಿತು. ಪ್ರಷ್ಯದ ಆಟದಲ್ಲಿ ದಾಳ ನಿರ್ಣಯಿಸುತ್ತಿದ್ದುದನ್ನು ಇಲ್ಲಿ ಫಿರಂಗಿ ಹಿಡಿದವನ ಕಣ್ಣು ಮತ್ತು ಕೈಗಳೇ ನಿರ್ಣಯಿಸುತ್ತಿದ್ದವು. ಈ ನಿಯಮಗಳೆಲ್ಲ ಒಂದೇ ದಿನ ಹುಟ್ಟಿದವಲ್ಲ. ಆಡಿ, ಜಗಳವಾಡಿ, ತಿದ್ದಿ, ಮತ್ತೆ ಆಡಿ ಅವರು ಅವುಗಳನ್ನು ಹದಗೊಳಿಸಿದರು. ಪ್ರಯೋಗಶಾಲೆಯಲ್ಲಿ ಕಲಿತ ಶಿಸ್ತು ಆಟದ ಕೋಣೆಯಲ್ಲಿಯೂ ಫಲಕೊಟ್ಟಿತೆನ್ನಬೇಕು.

1913ರಲ್ಲಿ ಈ ನಿಯಮಗಳು ‘ಲಿಟಲ್ ವಾರ್ಸ್’, ಎಂದರೆ ‘ಪುಟ್ಟ ಸಮರಗಳು’ ಎಂಬ ಹೆಸರಿನಲ್ಲಿ ಪುಸ್ತಕವಾದವು. ಜೆ. ಆರ್. ಸಿಂಕ್ಲೇರ್ ಎಂಬ ಕಲಾವಿದರು ಅದರ ಅಂಚುಗಳಲ್ಲಿ ನಗೆಯುಕ್ಕಿಸುವ ರೇಖಾಚಿತ್ರಗಳನ್ನು ಬರೆದರು. ಪುಸ್ತಕವು ಹನ್ನೆರಡರಿಂದ ನೂರೈವತ್ತು ವರ್ಷದವರೆಗಿನ ಹುಡುಗರಿಗಾಗಿ ಎಂದು ವೆಲ್ಸರು ವಿನೋದವಾಗಿ ಹೇಳಿದರು. ಇಂಥ ಆಟವನ್ನು ಮೆಚ್ಚುವ ಹುಡುಗಿಯರನ್ನೂ ಮರೆಯಲಿಲ್ಲ. ಆದರೆ ನಗುನಗುತ್ತ ಸಾಗುವ ಆ ಪುಸ್ತಕದ ಕೊನೆಯಲ್ಲಿ ಅವರ ಧ್ವನಿ ಬದಲಾಗುತ್ತದೆ. ತಮ್ಮ ನೆಲದ ಮೇಲೆ ಆಡಲು ಬಂದ ನಿಜವಾದ ಸೇನಾಧಿಕಾರಿಗಳು ಕೂಡ ಸುಲಭ ನಿಯಮಗಳಲ್ಲಿ ತೊಡಕಿಕೊಂಡು ತಪ್ಪುಗಳನ್ನು ಮಾಡುವುದನ್ನು ವೆಲ್ಸರು ಕಂಡಿದ್ದರು. ಕೋಣೆಯೊಂದರಲ್ಲಿ, ಕಣ್ಣೆದುರಿಗೇ ಎಲ್ಲವೂ ಕಾಣುತ್ತಿರುವಾಗ, ನೂರು ಬೊಂಬೆಗಳನ್ನು ನಡೆಸುವುದರಲ್ಲಿಯೇ ಇಷ್ಟು ಗೊಂದಲವಾದರೆ, ಹೊಗೆ ಕವಿದ ರಣರಂಗದಲ್ಲಿ ಲಕ್ಷಾಂತರ ಜನರನ್ನು ನಡೆಸುವವನ ತಪ್ಪುಗಳಿಗೆ ಎಣೆಯುಂಟೆ? ಬೊಂಬೆಯ ಮೇಲಿನ ತಪ್ಪಿಗೆ ಮತ್ತೊಂದು ಆಟದಲ್ಲಿ ಪರಿಹಾರವಿದೆ. ಜೀವವಿರುವ ಯೋಧನ ಮೇಲಿನ ತಪ್ಪಿಗೆ ಪರಿಹಾರವಿಲ್ಲ. ಯುದ್ಧದ ಚಪಲವಿರುವ ಅರಸರೂ ಮಂತ್ರಿಗಳೂ ಇಂಥ ನೆಲದಾಟದಲ್ಲಿಯೇ ಅದನ್ನು ತೀರಿಸಿಕೊಂಡರೆ ಲೋಕಕ್ಕೆ ಕ್ಷೇಮ ಎಂಬುದು ಆ ಪುಸ್ತಕದ ಸಾರ.

ಲೋಕ ಆ ಮಾತನ್ನು ಕೇಳಲಿಲ್ಲ. ಪುಸ್ತಕ ಪ್ರಕಟವಾದ ಮರುವರ್ಷವೇ, 1914ರ ಆಗಸ್ಟಿನಲ್ಲಿ, ಬ್ರಿಟನ್ ಮಹಾಯುದ್ಧಕ್ಕಿಳಿಯಿತು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ ಆ ಮಾತನ್ನು ಬರೆದ ವೆಲ್ಸರೇ ಆಗ ಅದನ್ನು ಬದಿಗಿಟ್ಟರು. ಜರ್ಮನಿಯ ಯುದ್ಧದಾಹವನ್ನು ಸೋಲಿಸಿದರೆ ಮುಂದೆ ಯುದ್ಧವೇ ಇರುವುದಿಲ್ಲ, ಇದು ಯುದ್ಧಗಳನ್ನೆಲ್ಲ ಕೊನೆಗಾಣಿಸುವ ಯುದ್ಧ ಎಂದು ಅವರು ಪತ್ರಿಕೆಗಳಲ್ಲಿ ಬರೆದರು. ಆ ಲೇಖನಗಳು ಅದೇ ವರ್ಷ ಪುಸ್ತಕವಾಗಿ ಮನೆಮನೆಯನ್ನು ಮುಟ್ಟಿದವು. ಆಟದ ಕೋಣೆಯಲ್ಲಿ ನಿಚ್ಚಳವಾಗಿ ಕಂಡ ಸತ್ಯ, ಊರೆಲ್ಲ ಕಹಳೆಯೂದುತ್ತಿರುವಾಗ ಅಂಥ ಮೇಧಾವಿಯ ಕಣ್ಣಿಗೂ ಮಸುಕಾಯಿತು. ಯುದ್ಧ ನಾಲ್ಕು ವರ್ಷಗಳಿಗೂ ಮೀರಿ ನಡೆಯಿತು. ಬ್ರಿಟನ್ನಿನ ಯೋಧರೇ ಏಳು ಲಕ್ಷಕ್ಕೂ ಹೆಚ್ಚು ಮಂದಿ ಮಡಿದರು. ಚಿಕ್ಕಂದಿನಲ್ಲಿ ಸೀಸದ ಸೈನಿಕರೊಡನೆ ಆಡಿದ್ದ ಎಷ್ಟೋ ತರುಣರು ಫ್ರಾನ್ಸಿನ ಕಂದಕಗಳಲ್ಲಿ ಮಣ್ಣಾದರು. ಭಾರತದಿಂದಲೂ ಹತ್ತು ಲಕ್ಷಕ್ಕೂ ಮಿಕ್ಕ ಜನ ಕಡಲು ದಾಟಿ ಹೋದರು. 1918ರ ಸೆಪ್ಟೆಂಬರಿನಲ್ಲಿ ಹೈಫಾ ನಗರವನ್ನು ಹಿಡಿದ ಕಾಳಗದಲ್ಲಿ ನಮ್ಮ ಮೈಸೂರು ಸಂಸ್ಥಾನದ ರಾವುತರೂ ಇದ್ದರು.

1916ರಲ್ಲಿ ವೆಲ್ಸರು ಇಟಲಿ ಮತ್ತು ಫ್ರಾನ್ಸಿನ ಯುದ್ಧರಂಗಗಳಿಗೆ ಹೋಗಿ ಕಣ್ಣಾರೆ ನೋಡಿಬಂದರು. ಉಕ್ಕಿನ ಕವಚ ತೊಟ್ಟು ನೆಲದ ಮೇಲೆ ತೆವಳುವ ಯುದ್ಧಯಂತ್ರಗಳನ್ನು 1903ರಲ್ಲಿಯೇ ಅವರು ಕಥೆಯಲ್ಲಿ ಕಲ್ಪಿಸಿದ್ದರು. 1916ರ ಸೆಪ್ಟೆಂಬರಿನಲ್ಲಿ ಅಂಥ ಟ್ಯಾಂಕುಗಳು ಮೊದಲ ಬಾರಿಗೆ ಕಣಕ್ಕಿಳಿದವು. 1914ರ ಕಾದಂಬರಿಯೊಂದರಲ್ಲಿ ಅಣುಬಾಂಬಿನ ಮಾತನ್ನೂ ಅವರು ಎತ್ತಿದ್ದರು. ತಮ್ಮ ಕಲ್ಪನೆಗಳು ಒಂದೊಂದಾಗಿ ನಿಜವಾಗುವುದನ್ನು ಕಂಡ ವೆಲ್ಸರಿಗೆ ಹರ್ಷವಾಗಲಿಲ್ಲ. ಯುದ್ಧ ನಿಂತಿತೇ ಹೊರತು ಯುದ್ಧಗಳು ಕೊನೆಗಾಣಲಿಲ್ಲ ಎಂಬುದು ಬೇಗನೆ ಸ್ಪಷ್ಟವಾಯಿತು.

ಅಂದಿನಿಂದ ಅವರ ಲೇಖನಿ ಹೆಚ್ಚಾಗಿ ಒಂದೇ ಗುರಿಗೆ ದುಡಿಯಿತು. ಮನುಷ್ಯಕುಲವೆಲ್ಲ ಒಂದು ಎಂಬ ಅರಿವು ಮೂಡದೆ ಶಾಂತಿ ಸಾಧ್ಯವಿಲ್ಲವೆಂದು ಬಗೆದು, 1919-20ರಲ್ಲಿ ಅವರು ಇಡೀ ಲೋಕದ ಇತಿಹಾಸವನ್ನು ಒಂದೇ ಕಥೆಯಾಗಿ ಬರೆದು ಪ್ರಕಟಿಸಿದರು. ದಿಗ್ವಿಜಯಿಗಳಾದ ಅರಸರ ನಡುವೆ ಅವರು ಅತ್ಯುನ್ನತ ಸ್ಥಾನವನ್ನು ಕೊಟ್ಟದ್ದು ಗೆದ್ದ ಮೇಲೆ ಯುದ್ಧವನ್ನು ತೊರೆದ ಅಶೋಕನಿಗೆ. ಯಾರ ಶಾಸನಗಳನ್ನು ನಾವು ನಮ್ಮ ಮಸ್ಕಿ, ಬ್ರಹ್ಮಗಿರಿಗಳ ಬಂಡೆಗಳ ಮೇಲೆ ಕಾಣುತ್ತೇವೆಯೋ ಆ ಅಶೋಕನೇ ಅವರ ಆದರ್ಶ ದೊರೆಯಾದನು. 1934ರಲ್ಲಿ ಆತ್ಮಕಥೆಯನ್ನು ಬರೆಯುವಾಗ ಅವರು ಬ್ರಾಮ್ಲಿಯ ಹೊಲಗಳಲ್ಲಿ ಕಂಡ ಹಗಲುಗನಸುಗಳನ್ನು ನೆನೆದರು. ತಾವು ಹದಿಮೂರರಲ್ಲಿ ಕಂಡು ಬಿಟ್ಟುಬಿಟ್ಟ ಕನಸನ್ನೇ ಜರ್ಮನಿಯ ಹಿಟ್ಲರನು ಬೆಳೆದ ಮೇಲೂ ಕಾಣುತ್ತಿದ್ದಾನೆಂದು ಅವರು ಗುರುತಿಸಿದರು. ಐದೇ ವರ್ಷಗಳಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಲಂಡನ್ನಿನ ಮೇಲೆ ಬಾಂಬುಗಳ ಮಳೆ ಸುರಿಯುತ್ತಿದ್ದಾಗಲೂ ವೃದ್ಧ ವೆಲ್ಸರು ಆ ನಗರವನ್ನು ಬಿಡಲಿಲ್ಲ. ಮನುಷ್ಯನ ಹಕ್ಕುಗಳನ್ನು ಕುರಿತು 1940ರಲ್ಲಿ ಅವರು ಬರೆದ ಪುಸ್ತಕವು 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಗೆ ನೆಲ ಹದಮಾಡಿದ ಬರಹಗಳಲ್ಲೊಂದು. ಆ ಘೋಷಣೆಯನ್ನು ನೋಡಲು ಅವರು ಬದುಕಿರಲಿಲ್ಲ. ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದ ಮರುವರ್ಷ, 1946ರ ಆಗಸ್ಟ್ 13ರಂದು, ಲಂಡನ್ನಿನ ತಮ್ಮ ಮನೆಯಲ್ಲಿ ಅವರು ಕಣ್ಮುಚ್ಚಿದರು. ಅವರೊಡನೆ ನೆಲದ ಮೇಲೆ ಆಡಿದ ಹಿರಿಯ ಮಗ ಮುಂದೆ ಹೆಸರಾಂತ ಪ್ರಾಣಿಶಾಸ್ತ್ರಜ್ಞನಾದನು.

ವೆಲ್ಸರು ಹೋದರೂ ಅವರ ಆಟ ಉಳಿಯಿತು. ಇಂಗ್ಲಿಷ್ ಚಲನಚಿತ್ರ ನಟ ಪೀಟರ್ ಕುಶಿಂಗ್ ತಾವೇ ಬಣ್ಣ ಹಚ್ಚಿದ ಸೈನಿಕರೊಡನೆ ವೆಲ್ಸರ ನಿಯಮಗಳಂತೆ ಆಡುತ್ತಿದ್ದುದನ್ನು 1956ರ ಸುದ್ದಿಚಿತ್ರವೊಂದು ತೋರಿಸಿತು. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿದ್ದು ನಿಜವಾದ ಸಮರವನ್ನು ಕಂಡಿದ್ದ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ಈ ಆಟವನ್ನು ಕುರಿತು ಪುಸ್ತಕ ಬರೆದು ಅದನ್ನು ಸಾವಿರಾರು ಜನರ ಹವ್ಯಾಸವಾಗಿಸಿದರು. 1966ರಲ್ಲಿ ಬ್ರಿಟನ್ ಸಂಸ್ಥೆಯ ಪೊಳ್ಳು ಸೀಸದ ಬೊಂಬೆಗಳ ತಯಾರಿಕೆ ನಿಂತಿತು. ಇಂದು ಪ್ಲಾಸ್ಟಿಕ್ಕಿನ ಮತ್ತು ಬೇರೆ ಮಿಶ್ರಲೋಹಗಳ ಬೊಂಬೆಗಳು ಬಳಕೆಯಲ್ಲಿವೆ; ಅವುಗಳಲ್ಲಿ ಹಲವು ಒಂದಂಗುಲಕ್ಕಿಂತ ತುಸುವೇ ಎತ್ತರ. ಬಹುಮಟ್ಟಿಗೆ ಬಣ್ಣವಿಲ್ಲದೆ ಬರುವ ಇವುಗಳಿಗೆ ಬಣ್ಣ ಹಚ್ಚುವುದೇ ಅನೇಕರಿಗೆ ಆಟಕ್ಕಿಂತ ಮಿಗಿಲಾದ ಸಂತೋಷ.

ಆ ಕೆಲಸ ತಾಳ್ಮೆಯನ್ನು ಬೇಡುತ್ತದೆ. ಅಚ್ಚಿನ ಅಂಚುಗಳನ್ನು ಅರದಿಂದ ಉಜ್ಜಿ, ಮೊದಲು ತಳಬಣ್ಣ ಬಳಿಯಬೇಕು. ಅಂಗಿಯ ಮಡಿಕೆಗಳಲ್ಲಿ ನೆರಳಿನ ಬಣ್ಣ, ಉಬ್ಬುಗಳಲ್ಲಿ ಬೆಳಕಿನ ಬಣ್ಣ, ಅನಂತರ ಕೂದಲೆಳೆಯಂಥ ಕುಂಚದಿಂದ ಕಣ್ಣು, ಗುಂಡಿ, ಪಟ್ಟಿಗಳು. ಇಷ್ಟೇ ಸಾಲದು. 1815ರ ವಾಟರ್‌ಲೂ ಕದನವನ್ನು ಹೂಡುವವನು ಆಂಗ್ಲ ಪದಾತಿಗೆ ಕೆಂಪು, ಫ್ರೆಂಚ್ ಪದಾತಿಗೆ ನೀಲಿ, ಪ್ರಷ್ಯದವರಿಗೆ ಕಡುನೀಲಿ ಎಂಬುದನ್ನು ಅರಿತಿರಬೇಕು. ಯಾವ ತುಕಡಿ ಎಲ್ಲಿ ನಿಂತಿತ್ತು, ಏಕೆ ಸೋತಿತು ಎಂಬುದನ್ನು ಗ್ರಂಥಗಳಲ್ಲಿ ಹುಡುಕಬೇಕು. ಒಂದೊಂದು ಬೊಂಬೆಯ ಮುಖಕ್ಕೂ ಕಣ್ಣು ಬರೆದವನಿಗೆ ಇತಿಹಾಸದ ಪುಟದ ಮೇಲಿನ ಸತ್ತವರ ಸಂಖ್ಯೆ ಬರಿಯ ಸಂಖ್ಯೆಯಾಗಿ ಉಳಿಯಲಾರದು.

ವೆಲ್ಸರ ಬಾಳು ನಮಗೆ ಕಲಿಸುವುದು ಎರಡು ಪಾಠಗಳನ್ನು. ಆಟವನ್ನು ಶ್ರದ್ಧೆಯಿಂದ ಆಡಿದರೆ ಅದರಿಂದಲೂ ಜ್ಞಾನ ಲಭಿಸುತ್ತದೆ ಎಂಬುದು ಒಂದು. ಹಾಗೆ ಲಭಿಸಿದ ಜ್ಞಾನವನ್ನು ಜನವೆಲ್ಲ ಆವೇಶಗೊಂಡಿರುವ ಗಳಿಗೆಯಲ್ಲಿ ಕಾಪಾಡಿಕೊಳ್ಳುವುದು ತಿಳಿದವರಿಗೂ ಕಷ್ಟ ಎಂಬುದು ಇನ್ನೊಂದು. ಸಂಜೆ ಆಟ ಮುಗಿದಾಗ ಗೆದ್ದವನೂ ಸೋತವನೂ ಕೂಡಿ, ನೆಲಕ್ಕೆ ಬಿದ್ದ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ. ಮರುದಿನ ಅವರೆಲ್ಲರೂ ಮತ್ತೆ ಎದ್ದು ನಿಲ್ಲುತ್ತಾರೆ. ನಿಜವಾದ ರಣರಂಗದಲ್ಲಿ ಬಿದ್ದವರನ್ನು ಹಾಗೆ ಎತ್ತಿ ನಿಲ್ಲಿಸುವ ಕೈ ಯಾವುದೂ ಇಲ್ಲ.